ರುದ್ರಣ್ಣನ ಕರುಳು ಕೆಟ್ಟ ವರ್ಷ

ಪ್ರಾಯೋಗಿಕ ಪರೀಕ್ಷೆಯ ಡ್ಯೂಟಿಗೆಂದು ಕಳೆದ ತಿಂಗಳು ಮಧುಗಿರಿಗೆ ಹೋಗಿದ್ದೆ. ಬಸ್ಸಿಳಿದು ಕಾಲೇಜಿನ ಕಡೆ ನಡೆಯುತ್ತಿದ್ದಾಗ ಯಾವುದೋ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬಿಸಿ ವಾರ್ನಿಷ್ಷಿನ ವಾಸನೆ ಬಂತು. ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿದ ಮೇಲೆ ವಾರ್ನಿಷ್ ಕುಡಿಸಿ ಕಾಯಿಸುತ್ತಾರೆ. ಬೇರೆಯವರಿಗೆ ಅದು ತಲೆನೋವು ತರಿಸುವ ವಾಸನೆ. ನನಗೆ ಅದು ನನ್ನ ಅಣ್ಣನ ಅಂಗಿಯ ವಾಸನೆ. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬರುತ್ತಿದ್ದ ಸ್ಕೂಟರಿನವನು ಬೈದುಕೊಂಡು ಪಕ್ಕಕ್ಕೆ ಸರಿದು ಹೋದ. ಸತ್ತ ಅಣ್ಣನನ್ನು ನೆನೆದರೆ ಅಳು ಬರಬೇಕು. ನನಗೆ ಮೊದಲು ಬರುವುದು ಸಿಟ್ಟು, ಅಳು ಅದರ ಹಿಂದೆ ಬರುತ್ತದೆ. ಅದು ಯಾಕೆಂದು ಹೇಳಬೇಕಾದರೆ ಅವನ ಕೊನೆಯ ಆ ಒಂದು ವರ್ಷವನ್ನು ಹೇಳಬೇಕು.

ಅಣ್ಣನ ಹೆಸರು ರುದ್ರೇಶ. ಮಧುಗಿರಿಯಲ್ಲಿ ಅವನದು ವೈಂಡಿಂಗ್ ಅಂಗಡಿ. ನಾನು ಆಗ ಅದೇ ಊರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ, ಅಣ್ಣನ ಮನೆಯ ಪಕ್ಕದ ಬೀದಿಯಲ್ಲೇ ಒಬ್ಬಳೇ ಇದ್ದೆ. ನಮ್ಮಿಬ್ಬರಿಗೂ ಹಿರಿಯಳು ಗಂಗಕ್ಕ, ಪಾವಗಡಕ್ಕೆ ಕೊಟ್ಟಿದ್ದರು. ಅಣ್ಣನಿಗೆ ಒಬ್ಬನೇ ಮಗ, ಮನು. ಗಂಗಕ್ಕನಿಗೆ ಒಬ್ಬಳೇ ಮಗಳು, ಶೈಲಾ. ಶೈಲಾ ತೊಟ್ಟಿಲಲ್ಲಿದ್ದಾಗಲೇ ಅವಳು ಮನುವಿನ ಹೆಂಡತಿ ಎಂದು ಮಾತಾಗಿಹೋಗಿತ್ತು. ಸೋದರಿಕೆ ಎಂದರೆ ನಮ್ಮಲ್ಲಿ ಹಕ್ಕಿದ್ದ ಹಾಗೆ. ಅಕ್ಕನ ಮಗಳನ್ನು ಬಿಟ್ಟು ಹೊರಗೆ ಹೆಣ್ಣು ಹುಡುಕಿದರೆ ಅಕ್ಕ ಮುನಿಸಿಕೊಳ್ಳುತ್ತಾಳೆ, ತಮ್ಮನ ಮಗನನ್ನು ಬಿಟ್ಟು ಹೊರಗೆ ಕೊಟ್ಟರೆ ತಮ್ಮ ಮಾತು ಬಿಡುತ್ತಾನೆ. ಆ ಇಬ್ಬರು ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಆದರೆ ಶೈಲಾಳಿಗೆ ಮನು ಇಷ್ಟ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಅಣ್ಣನಿಗೆ ರಕ್ತ ಬೀಳಲು ಶುರುವಾಗಿ ಬಹಳ ಕಾಲವಾಗಿತ್ತಂತೆ. ನನಗೆ ಗೊತ್ತಾದದ್ದು ಯುಗಾದಿ ಕಳೆದ ಮೇಲೆ. ತಂಗಿಯ ಹತ್ತಿರ, ಅದೂ ಪಾಠ ಹೇಳುವ ತಂಗಿಯ ಹತ್ತಿರ ಗಂಡಸರು ಇಂಥದ್ದನ್ನು ಬಾಯಿ ಬಿಡುತ್ತಾರೆಯೇ? ದಿನವಿಡೀ ಸ್ಟೂಲಿನ ಮೇಲೆ ಕೂತು ತಂತಿ ಸುತ್ತುವವನಿಗೆ ಮೂಲವ್ಯಾಧಿ ಬರದೆ ಇನ್ನೇನು ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಕೊರಟಗೆರೆ ಕಡೆಯ ಒಬ್ಬ ನಾಟಿ ವೈದ್ಯ ಪಂಚೆ ಕೂಡ ಸರಿಸಿ ನೋಡದೆ ಇದು ಉಷ್ಣ ಎಂದು ಹೇಳಿ ಪುಡಿ ಕೊಟ್ಟಿದ್ದ. ಅತ್ತಿಗೆ ಹುರುಳಿ ಸಾರು ನಿಲ್ಲಿಸಿ ದಿನಾ ಬೆಳಗ್ಗೆ ಬೂದುಗುಂಬಳದ ರಸ ಹಿಂಡಿ ಕುಡಿಸುತ್ತಿದ್ದರು. ಸಿರಾದಿಂದ ಮೋಟಾರು ತರುತ್ತಿದ್ದ ಗಿರಾಕಿಯೊಬ್ಬರು, "ಇಸಬ್‌ಗೋಲ್ ತಗೊಳ್ಳಿ ಭಾಯ್, ಎಲ್ಲಾ ಸಾಫ್ ಆಗ್ತದೆ" ಅಂದಿದ್ದರು. ಊರಿಗೆ ಊರೇ ವೈದ್ಯ ಮಾಡಿತ್ತು, ಡಾಕ್ಟರೊಬ್ಬರನ್ನು ಬಿಟ್ಟು.

ಆ ಬೇಸಿಗೆ ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತಿದವು. ನೀರಿಲ್ಲದೆ ಓಡಿ ಸುಟ್ಟ ಮೋಟಾರುಗಳು ಅಂಗಡಿಯ ಮುಂದೆ ಸಾಲುಗಟ್ಟಿದ್ದವು. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆಯಾದ ಮೇಲೆ ಊರಿನ ಮೇಲೆ ಶಾಖ ಬಿಡುತ್ತಿತ್ತು. ಅಂಥ ಒಂದು ಸಂಜೆ ಅಣ್ಣ ಅಂಗಡಿಯಲ್ಲೇ ಕುಸಿದು ಬಿದ್ದ. ತುಮಕೂರಿಗೆ ಒಯ್ದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಕರುಳಿನ ಕೊನೆಯಲ್ಲಿ ಗೆಡ್ಡೆ, ಆಗಲೇ ಲಿವರಿಗೂ ಹಬ್ಬಿತ್ತು. ದಾರಿ ಕಟ್ಟಿಹೋಗಿದ್ದರಿಂದ ಆಪರೇಷನ್ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಅದಕ್ಕೊಂದು ಚೀಲ ಅಂಟಿಸಿ ಕಳಿಸಿದರು.

ಆ ಚೀಲ ನಮ್ಮ ಮನೆಯನ್ನು ತಲೆಕೆಳಗು ಮಾಡಿತು. ನಾವು ಲಿಂಗವಂತರು. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಅಣ್ಣ ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಈಗ ಹೊಟ್ಟೆಯ ಮೇಲೆ ಮಲ. ಎದೆಯ ಕೆಳಗೆ ಇಳಿಬಿದ್ದಿದ್ದ ಲಿಂಗದ ಕರಡಿಗೆ ಚೀಲಕ್ಕೆ ತಾಗುತ್ತದೆಂದು ದಾರವನ್ನು ಗಿಡ್ಡ ಮಾಡಿ ಗಂಟಲ ಹತ್ತಿರಕ್ಕೆ ಏರಿಸಿಕೊಂಡ. ಪೂಜೆ ನಿಲ್ಲಿಸಿದ. ಅತ್ತಿಗೆ ಮೊದಲ ದಿನ ಚೀಲ ಬಿಚ್ಚಲು ಹೋಗಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ಮನು ಅಂಗಡಿಯ ನೆಪ ಹೇಳಿ ಹೊರಟವನು ಊಟದ ಹೊತ್ತಿಗೂ ಬರಲಿಲ್ಲ. ನಾನು ಮಾಡಿದೆ, ಮೂಗು ಬಿಗಿಹಿಡಿದು, ಎರಡು ಸಲ. ಅಷ್ಟರಲ್ಲಿ ಪಾವಗಡದ ಬಸ್ಸಿಳಿದು ಶೈಲಾ ಬಂದಳು. ಬಟ್ಟೆಯ ಬ್ಯಾಗನ್ನು ಮೂಲೆಯಲ್ಲಿಟ್ಟು, ಚೂಡಿದಾರದ ತೋಳು ಮಡಚಿ, "ಎಂಗೆ ಮಾಡೋದು ಒಂದ್ಸಲ ತೋರ್ಸಿ ಚಿಕ್ಕಮ್ಮ" ಅಂದಳು. ತೋರಿಸಿದೆ. ಅಂದಿನಿಂದ ಅದು ಅವಳ ಕೆಲಸವಾಯಿತು. ತಿಂಗಳುಗಟ್ಟಲೆ.

"ಅಸಹ್ಯ ಆಗಲ್ವೇನವ್ವಾ?" ಎಂದು ಅಣ್ಣ ಕೇಳಿದ್ದಕ್ಕೆ, "ನಿಮ್ಮ ಕೈಲಿ ಹೇಲು ತೊಳಸ್ಕೊಂಡೇ ಬೆಳ್ದಿದೀನಿ, ಬಾಕಿ ತೀರಿಸ್ತಿದೀನಿ ಬುಡಿ ಮಾವ" ಎಂದು ನಕ್ಕಳು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮನೆಯಲ್ಲಿ ಆ ವರ್ಷ ಕೇಳಿದ ನಗು ಅದೊಂದೇ ಇರಬೇಕು.

ನೋಡಲು ಬಂದವರಿಗೆ ಒಂದೇ ಚಿಂತೆ. "ಮಾಂಸ ಮುಟ್ಟದೋರಿಗೆ, ಬೀಡಿ ಸೇದದೋರಿಗೆ ಇದು ಬರ್ತದಾ?" ಎಂದು ಕೇಳಿ, ಅಣ್ಣ ಕದ್ದುಮುಚ್ಚಿ ಏನೋ ತಿನ್ನುತ್ತಿದ್ದನೇನೋ ಎಂಬಂತೆ ಮುಖ ನೋಡುತ್ತಿದ್ದರು. ನಾನು ಬಾಗಿಲಲ್ಲೇ ಒಬ್ಬಿಬ್ಬರನ್ನು ಗದರಿಸಿ ಕಳಿಸಿದ್ದುಂಟು. ಆಮೇಲೆ ನನಗೆ ಗಯ್ಯಾಳಿ ಎಂಬ ಹೆಸರು ಬಂತು. ಮೊದಲೇ ಇತ್ತು, ಆಗ ಗಟ್ಟಿಯಾಯಿತು.

ಕೀಮೋಗೆ ಹೋದಾಗಲೆಲ್ಲ ಅಣ್ಣನ ಜೊತೆ ನಾನಿರುತ್ತಿದ್ದೆ. ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ಹೆಂಗಸು, ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಕೊಡುತ್ತಿದ್ದರು. ಒಂದು ದಿನ ಅಣ್ಣ, "ಅದ್ಯಾಕ್ ತಾಯಿ ಅದು ಬೆಳೀತಲೇ ಐತೆ? ನಿಲ್ಲಾಕೇನಾಗೈತೆ ಅದಕ್ಕೆ?" ಎಂದು ಕೇಳಿದ. ಅವರು ಪೆನ್ನು ಕೆಳಗಿಟ್ಟು ಹೇಳಿದರು. ಮೈಯ ಎಲ್ಲಾ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಎಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಿಂದಲೇ ಕಣ್ಣು ಕಣ್ಣಾಗುತ್ತದೆ, ಕರುಳು ಕರುಳಾಗುತ್ತದೆ. ಕರುಳಿನ ಒಳಪದರದ ಸಣ್ಣ ಗುಳಿಗಳ ತಳದಲ್ಲಿರುವ ಕೋಶಗಳಿಗೆ ಬೆಳೆ, ಎರಡಾಗು ಎಂಬ ಸಂದೇಶ ಸದಾ ಬರುತ್ತಿರುತ್ತದೆ. ಹಾಗೆ ಹುಟ್ಟಿದ ಕೋಶಗಳು ಮೇಲೇರುತ್ತ ಹೋದಂತೆ ಸಂದೇಶ ನಿಲ್ಲುತ್ತದೆ. ಅವು ಬೆಳೆಯುವುದನ್ನು ಬಿಟ್ಟು, ಕೆಲಸ ಮಾಡಿ, ಉದುರಿಹೋಗುತ್ತವೆ. ಸಂದೇಶ ಹೊತ್ತು ತರುವ ಪ್ರೋಟೀನನ್ನು ಕೆಲಸ ಮುಗಿದ ಮೇಲೆ ನಾಶ ಮಾಡಿಸುವುದಕ್ಕೆ ಒಂದು ಕಾವಲು ಪ್ರೋಟೀನು ಇದೆ. ಅದನ್ನು ಮಾಡುವ ಜೀನಿನ ಹೆಸರು ಎಪಿಸಿ. ಅಣ್ಣನ ಗೆಡ್ಡೆಯಲ್ಲಿ ಆ ಜೀನು ಪೂರ್ತಿ ಕೆಟ್ಟಿತ್ತು. ಹಾಗಾಗಿ ಸಂದೇಶದ ಪ್ರೋಟೀನು ನಾಶವಾಗದೆ ರಾಶಿ ಬಿದ್ದು ಕೋಶಕೇಂದ್ರದೊಳಕ್ಕೆ ನುಗ್ಗುತ್ತಿತ್ತು. ಅಲ್ಲಿ ಸುಮ್ಮನಿರಬೇಕಾದ ಬೆಳವಣಿಗೆಯ ಜೀನ್‌ಗಳೆಲ್ಲ ಹಗಲೂ ರಾತ್ರಿ ಕೆಲಸ ಮಾಡುತ್ತಿದ್ದವು.

ಇಷ್ಟನ್ನು ನಾನು ವರ್ಷವರ್ಷವೂ ಮಕ್ಕಳಿಗೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿಕೊಟ್ಟವಳು. ಅಣ್ಣನ ಪಕ್ಕ ಕೂತು ಕೇಳುವಾಗ ಆ ಬಾಣಗಳೆಲ್ಲ ಅವನ ಹೊಟ್ಟೆಯ ಕಡೆಗೇ ತಿರುಗಿದ್ದವು.

ಅಣ್ಣ, "ಅಂದ್ರೆ ಸ್ಟಾರ್ಟರ್‌ಗೆ ಕಡ್ಡಿ ಸಿಗ್ಸವ್ರೆ ಅನ್ನಿ" ಅಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಮೋಟಾರಿಗೆ ಅಪಾಯವಾದಾಗ ಸ್ಟಾರ್ಟರು ತಾನಾಗಿ ಬಿದ್ದು ಕರೆಂಟು ಕಡಿಯುತ್ತದೆ, ನಮ್ಮ ಕಡೆ ರೈತರು ಅದು ಬೀಳದ ಹಾಗೆ ಒಂದು ಕಡ್ಡಿ ಸಿಕ್ಕಿಸಿ ಬಿಡುತ್ತಾರೆ ಎಂದು ನಾನು ವಿವರಿಸಿದೆ. "ಸರಿಯಾಗೇ ಹೇಳಿದ್ರಿ" ಎಂದರು ಅವರು. "ಎಂಗಿದ್ರೂ ಸುಟ್ಟೋಗೋಗಂಟ ಓಡ್ತದೆ ಅದು" ಎಂದ ಅಣ್ಣ. ಸುಟ್ಟ ಮೋಟಾರು ತಂದ ರೈತರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದ.

ಆಗ ಅವನಿಗೆ ಇನ್ನೂ ಒಂದು ಆಸೆ ಇತ್ತು. ಕೋಶದ ಹೊರಮೈಯಿಂದ ಬರುವ ಬೆಳವಣಿಗೆಯ ಇನ್ನೊಂದು ಸಂಕೇತವನ್ನು ತಡೆಯುವ ಇಂಜೆಕ್ಷನ್ ಒಂದಿದೆ ಎಂದು ಅವರು ಹೇಳಿದ್ದರು. ಆದರೆ ಆ ಸಂಕೇತವನ್ನು ಒಳಗೆ ದಾಟಿಸುವ ಕೆ-ರಾಸ್ ಎಂಬ ಜೀನು ಸರಿಯಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ಗೆಡ್ಡೆಯ ಚೂರು ಪರೀಕ್ಷೆಗೆ ಹೋಗಿತ್ತು. ಆಷಾಢದ ಗಾಳಿ ಬೀಸುವ ಹೊತ್ತಿಗೆ ಫಲಿತಾಂಶ ಬಂತು. ಕೆ-ರಾಸ್ ಒಳಗೇ ಆನ್ ಆಗಿ ಕೂತಿದೆ, ಹೊರಗೆ ಏನು ತಡೆದರೂ ಅದು ಕೇಳುವುದಿಲ್ಲ, ಇಂಜೆಕ್ಷನ್ ಬೇಡ ಅಂದರು. ಅಣ್ಣನ ಜೊತೆ ಮಧುಗಿರಿಯ ಬಸ್ಸು ಹತ್ತಿದೆ. ಬಸ್ಸಿಳಿಯುವಾಗ, "ಎರಡು ಕಡೇನೂ ಕಡ್ಡಿ ಸಿಗ್ಸವ್ನೆ ಕಣೆ ಗಿರಿಜಾ, ಬಡ್ಡೀಮಗ" ಅಂದ. ಯಾರನ್ನು ಬೈದನೋ, ಶಿವನನ್ನೇ ಇರಬೇಕು.

ಅದೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದ್ದರು. ನಮ್ಮಮ್ಮ ಹೊಟ್ಟೆ ಊದಿ ಸತ್ತಿದ್ದಳು. ಕೊಳಾಲದಲ್ಲಿದ್ದ ಸೋದರಮಾವ ಕರುಳಿಗೆ ಗಂಟು ಬಿದ್ದು ಹೋದ ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಅಣ್ಣನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಎಪಿಸಿ ಜೀನಿನ ದೋಷ ಗೆಡ್ಡೆಯಲ್ಲಿ ಮಾತ್ರ ಅಲ್ಲ, ಹುಟ್ಟಿನಿಂದಲೇ ಇತ್ತು, ಅಮ್ಮನಿಂದ ಬಂದದ್ದು. ನನಗೂ ಗಂಗಕ್ಕನಿಗೂ ಅದು ಬಂದಿರಬಹುದು, ಬರದೆಯೂ ಇರಬಹುದು. ಮಕ್ಕಳಿಗೂ ಹಾಗೆಯೇ. ರಕ್ತ ಕೊಟ್ಟರೆ ತಿಳಿಯುತ್ತದೆ, ಇದ್ದರೆ ವರ್ಷವರ್ಷ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿ, ಅಲ್ಲಿ ಏಳುವ ಸಣ್ಣ ಗಂಟುಗಳನ್ನು ಅವು ಕೆಟ್ಟ ಗೆಡ್ಡೆಯಾಗುವ ಮೊದಲೇ ತೆಗೆಯಬಹುದು ಅಂದರು. ಅಂದರೆ ಮನುವೂ ಶೈಲಾಳೂ ಅಣ್ಣನ ಹಾಗೆ ಸಾಯಬೇಕಾಗಿಲ್ಲ. ನನಗೆ ಕೇಳಿಸಿದ್ದು ಅಷ್ಟೇ.

ಮನೆಯವರಿಗೆ ಕೇಳಿಸಿದ್ದೇ ಬೇರೆ. ಶ್ರಾವಣದಲ್ಲಿ ಗಂಗಕ್ಕ ಬಂದಳು. ಅಣ್ಣನ ಮಂಚದ ಸುತ್ತ ಕೂತು ಮಾತು ನಡೆಯಿತು. ಅಣ್ಣ ಹೋಗುವ ಮೊದಲೇ ಮನು–ಶೈಲಾ ಮದುವೆ ಮುಗಿಸಬೇಕು, ಕಾರ್ತಿಕದಲ್ಲಿ ಇಟ್ಟುಕೊಳ್ಳೋಣ ಎಂದಾಯಿತು.

"ಹೊರಗಿನ ಹೆಣ್ಣು ತಂದ್ರೆ ಕೇಳ್ತಾರೆ, ಅಪ್ಪಂಗೇನಾಗಿತ್ತು, ಅಜ್ಜಿಗೇನಾಗಿತ್ತು ಅಂತ" ಎಂದ ಅಣ್ಣ. "ಶೈಲಂಗೆ ಹೊರಗೆ ಗಂಡು ಹುಡುಕಿದ್ರೂ ಅಷ್ಟೇಯ. ಒಳಗೊಳಗೇ ಆಗೋದ್ರೆ ಕೇಳೋರ್ಯಾರು? ಬಾಯಿ ಬುಟ್ರೆ ಬಣ್ಣಗೇಡು."

"ಒಳಗೊಳಗೇ ಆದ್ರೆ ಆ ಕಾಯಿಲೇನೂ ಒಳಗೇ ಉಳೀತದೆ ಕಣಣ್ಣ" ಎಂದೆ. "ಇಬ್ರಲ್ಲೂ ಇದ್ರೆ ಅವ್ರ ಮಕ್ಳ ಗತಿ ಏನು? ಮೊದ್ಲು ರಕ್ತ ಕೊಡ್ಲಿ."

"ಏಮೇ ಗಿರಿಜಾ, ಎಂಥ ಬಾಯಿ ನಿಂದು!" ಎಂದು ಗಂಗಕ್ಕ ತಲೆ ಚಚ್ಚಿಕೊಂಡಳು. "ನೀನಂತೂ ಮದ್ವೆ ಮಕ್ಳು ಅಂತ ಮಾಡ್ಕಳ್ಳಿಲ್ಲ. ನನ್ನ ಮಗಳ ಬಾಳಿಗೆ ಕಲ್ಲಾಕ್ತೀಯಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಂಡೆ. ಆದರೂ ಬಿಡಲಿಲ್ಲ. ಬೆಳಗ್ಗೆ ಹೇಳಿದೆ, ಸಂಜೆ ಹೇಳಿದೆ, ಊಟಕ್ಕೆ ಕೂತವರ ಮುಂದೆ ಹೇಳಿದೆ. ಮನು ನನ್ನನ್ನು ಕಂಡರೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದ. ಕೊನೆಗೆ ಒಂದು ದಿನ ಚೀಲ ತೊಳೆದು ಒಳಗೆ ಬರುತ್ತಿದ್ದ ಶೈಲಾ, ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ, "ನಾನ್ ಕೊಡ್ತೀನಿ ಬುಡಿ ಚಿಕ್ಕಮ್ಮ. ದಿನಾ ಕಣ್ಣಾರ ನೋಡ್ತಿದೀನಿ ಇದನ್ನ, ನಂಗೆ ಗೊತ್ತಾಗ್ಬೇಕು" ಅಂದಳು. ಅವಳು ಹೊರಟ ಮೇಲೆ ಮನು ಹಿಂದೆ ಉಳಿಯುವುದು ಚೆನ್ನಾಗಿ ಕಾಣುತ್ತಿರಲಿಲ್ಲ. ಮೂವರೂ ಹೋಗಿ ರಕ್ತ ಕೊಟ್ಟೆವು. ಗಂಗಕ್ಕ ಮಾತ್ರ ಬರಲಿಲ್ಲ.

ಮಳೆ ಆ ವರ್ಷ ದಸರಾ ಹೊತ್ತಿಗೆ ಹಿಡಿಯಿತು. ಬೆಟ್ಟದ ಬಂಡೆಯ ಮೇಲೆ ನೀರು ಬೆಳ್ಳಗೆ ಇಳಿಯುವುದು ಆಸ್ಪತ್ರೆಗೆ ಹೊರಟ ಬಸ್ಸಿನ ಕಿಟಕಿಯಿಂದ ಕಾಣುತ್ತಿತ್ತು. ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ನನಗೆ ಇರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮೈಯೆಲ್ಲ ಹಗುರವಾಗಿ, ಬದುಕಿದೆ ಅನ್ನಿಸಿ, ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಮನುವಿಗೂ ಇರಲಿಲ್ಲ. ಶೈಲಾ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳು ನನ್ನ ಪಕ್ಕ ಕೂತು, "ನಂಗೈತೆ ಚಿಕ್ಕಮ್ಮ" ಅಂದಳು. "ಮನೇಲಿ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ."

ಮನುವಿಗೆ ಇಲ್ಲ ಎಂದು ಕೇಳಿದ ಕೂಡಲೇ ಅಣ್ಣ ದಿಂಬಿಗೆ ಒರಗಿದ್ದವನು ಎದ್ದು ಕೂತ. ಅತ್ತಿಗೆಯನ್ನು ಕರೆದು ಮಗನ ಬಾಯಿಗೆ ಸಕ್ಕರೆ ಹಾಕಿಸಿದ. ಶೈಲಾ ಆ ಸಕ್ಕರೆ ಕರಗುವವರೆಗೂ ಕಾದು ತನ್ನದನ್ನು ಹೇಳಿದಳು. ಅವಳು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದಳು.

ಮಾರನೆಯ ಬೆಳಗ್ಗೆ ಅಣ್ಣ ನನ್ನನ್ನು ಕರೆಸಿದ. ಬಾಗಿಲು ಹಾಕಿಸಲಿಲ್ಲ, ದನಿ ತಗ್ಗಿಸಲೂ ಇಲ್ಲ. ಅಂಗಳದಲ್ಲಿ ಬಟ್ಟೆ ಒಣಗಹಾಕುತ್ತಿದ್ದವಳಿಗೆ ಕೇಳಲಿ ಎಂದೇ ಇರಬೇಕು.

"ಮದ್ವೆ ಬ್ಯಾಡ. ಗಂಗಕ್ಕಂಗೆ ನೀನೇ ಫೋನ್ ಮಾಡಿ ಹೇಳ್ಬುಡು."

"ಯಾಕೆ?"

"ಯಾಕೆ ಅಂತೀಯಲ್ಲೇ. ಮನೂಗೆ ಬುಟ್ಟೋಗೈತೆ. ನಮ್ಮನೇಲಿ ಅದು ನನ್ ಜೊತೇಗೇ ಮುಗೀತದೆ. ಮತ್ತೆ ಸೊಸೆ ಕೈಲಿ ಅದನ್ನ ತರ್ಸ್ಕೊಂಡು ಒಳಗಿಟ್ಕಳಾದಾ?"

"ನಿನ್ನಲ್ಲಿರೋದು ಗೊತ್ತಿದ್ದೇ ಅತ್ತಿಗೆ ನಿನ್ನ ಕಟ್ಟಿಕೊಂಡ್ರಾ?"

"ಗೊತ್ತಿದ್ದಿದ್ರೆ ಅವರಪ್ಪ ಕೊಡ್ತಿರ್ಲಿಲ್ಲ. ಕೊಡ್ಲೂಬಾರ್ದು" ಎಂದ, ನನ್ನ ಕಣ್ಣಲ್ಲಿ ಕಣ್ಣಿಟ್ಟು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಸಾಯುವವನಿಗೆ ಅನ್ನಬಾರದ್ದನ್ನೂ ಅಂದೆ. ಅವಳ ಕೈ ಬೇಕಾಗಿತ್ತು, ಅವಳು ಬೇಡವಾದಳಾ ಎಂದೆ. ಅವನು ಗೋಡೆಯ ಕಡೆ ತಿರುಗಿದ. ಅತ್ತಿಗೆ ಅಕ್ಕಿ ಆರಿಸುತ್ತ ತಲೆ ಎತ್ತಲೇ ಇಲ್ಲ. ಅಂಗಡಿಗೆ ಹೋಗಿ ಮನುವನ್ನು ಕೇಳಿದೆ. ಮೊಬೈಲಿನಿಂದ ಕಣ್ಣು ಕೀಳದೆ, "ಅಪ್ಪ ಹೇಳ್ದಂಗೆ ಅತ್ತೆ. ಈ ಟೈಮಲ್ಲಿ ಅಪ್ಪನ್ ಮಾತು ಮೀರಾಕಾಗ್ತದಾ?" ಅಂದ. ಎಂಥ ವಿಧೇಯ ಮಗ! ಅಪ್ಪನ ಹೊಟ್ಟೆಯ ಚೀಲವನ್ನು ಒಂದು ದಿನ ಮುಟ್ಟಿದವನಲ್ಲ.

ನಾನು ಮರಳಿ ಬರುವ ಹೊತ್ತಿಗೆ ಶೈಲಾ ಬಟ್ಟೆಗಳನ್ನು ಬ್ಯಾಗಿಗೆ ತುಂಬಿಕೊಂಡಿದ್ದಳು. ಅಣ್ಣನ ಚೀಲ ತುಂಬಿ ಅಂಚಿನಿಂದ ಸೋರುತ್ತಿತ್ತು. ಕರೆಯಲು ಅವನಿಗೆ ಬಾಯಿಲ್ಲ. ಅವಳೇ ಬಿಸಿನೀರು, ಹತ್ತಿ, ಹೊಸ ಚೀಲ ತಂದು ಮಂಚದ ಪಕ್ಕ ಕೂತಳು. ಎಂದಿನಂತೆ ಮೆಲ್ಲಗೆ ಬಿಚ್ಚಿ, ಸುತ್ತಲಿನ ಚರ್ಮ ಒರೆಸಿ, ಒಣಗಲು ಬಿಟ್ಟಳು. ಆಮೇಲೆ ಅವನ ಮುಖ ನೋಡದೆ ಹೇಳಿದಳು:

"ಹೊರಗಿನೋಳು ಬ್ಯಾಡ ಅಂತ ನನ್ನ ಕೇಳಿದ್ರಿ ಮಾವ. ಈಗ ಒಳಗಿನೋಳು ಅಂತ ಬ್ಯಾಡ ಅಂದ್ರಿ. ನನ್ನೊಳಗಿರೋದು ನಿಮ್ಮದೇ, ನಾನು ಬೇರೆಲ್ಲಿಂದಾನೂ ತರ್ಲಿಲ್ಲ."

ಅಣ್ಣ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದ. ಅವಳು ಅಂಗಡಿಯಿಂದ ಮನುವನ್ನು ಕರೆಸಿ, ಅವನ ಕೈಯನ್ನು ಹಿಡಿದು ಚರ್ಮಕ್ಕೆ ಅಂಟುವ ಹೊಸ ಚೀಲದ ಬಳೆಯ ಮೇಲಿಟ್ಟು, ಹೇಗೆ ಒತ್ತಬೇಕು, ಎಲ್ಲಿ ಬೆರಳು ಆಡಿಸಬೇಕು ಎಂದು ತೋರಿಸಿದಳು. "ನಾಳೆಯಿಂದ ನೀನೇ" ಅಂದಳು. ಮನು ಬೆವರುತ್ತಿದ್ದ. ನಾನು ಅವಳನ್ನು ಪಾವಗಡದ ಬಸ್ಸು ಹತ್ತಿಸಿದೆ. ಕಿಟಕಿಯಲ್ಲಿ ಕೂತ ಮೇಲೆ ಅವಳು ಅತ್ತಳು, ಸೆರಗು ಬಾಯಿಗೆ ತುರುಕಿಕೊಂಡು ನಾನೂ ಅತ್ತೆ.

ಮನು ಒಲ್ಲದ ಕೈಯಿಂದ ಮಾಡಿದ ಕೆಲಸಕ್ಕೆ ಅಣ್ಣನ ಹೊಟ್ಟೆಯ ಚರ್ಮ ಹಸಿಗಾಯವಾಯಿತು. ಚೀಲ ಬಿಚ್ಚಿದಾಗಲೆಲ್ಲ ಅವನು ಚೀರುವುದು ಬೀದಿಗೆ ಕೇಳುತ್ತಿತ್ತು. ಲಿವರು ಕೆಟ್ಟು ಕಣ್ಣು ಅರಿಶಿನವಾಯಿತು. ಗಂಗಕ್ಕ ತಮ್ಮನ ಮುಖ ನೋಡಲು ಬರಲಿಲ್ಲ. ನಾನು ಹೋಗುತ್ತಿದ್ದೆ, ಔಷಧಿ ಕೊಡುತ್ತಿದ್ದೆ, ಬೇಕಾದಷ್ಟೇ ಮಾತಾಡುತ್ತಿದ್ದೆ. ನಡುವೆ ಶೈಲಾಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದೆ. ಅದನ್ನು ಆ ಮನೆಯಲ್ಲಿ ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಧನುರ್ಮಾಸದ ಚಳಿಯಲ್ಲಿ, ಅವನು ಹೋಗುವುದಕ್ಕೆ ಸ್ವಲ್ಪ ಮುಂಚೆ, ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ತಡೆದು ಕೇಳಿದ.

"ಶೈಲಂಗೆ ಕ್ಯಾಮೆರಾ ಬುಟ್ಟು ನೋಡಿದ್ರಾ?"

"ನೋಡಿದ್ರು. ಸಣ್ಣ ಸಣ್ಣ ಗಂಟಿದ್ವು, ತೆಗೆದ್ರು. ಯಾವುದೂ ಇನ್ನೂ ಕೆಟ್ಟಿರ್ಲಿಲ್ಲ. ವರ್ಷವರ್ಷ ನೋಡಿಸ್ಕೋಬೇಕು."

ಅವನು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಉಸಿರಿಗೆ ಎದೆ ಏರಿಳಿಯುತ್ತಿತ್ತು.

"ನಮ್ಮನೆ ಸೊಸೆ ಆಗಿದ್ದಿದ್ರೆ ಯಾರ್ಗಾದ್ರೂ ಗೊತ್ತಾದಾತು ಅಂತ ನಾವು ಅವ್ಳ್ನ ಎಲ್ಲೂ ತೋರಿಸ್ತಿರ್ಲಿಲ್ಲ, ಅಲ್ವೇನೆ ಗಿರಿಜಾ?"

ಹಂಗೇನಿಲ್ಲ ಬುಡಣ್ಣ ಎಂದು ನಾನು ಹೇಳಲಿ ಎಂದು ನನ್ನ ಮುಖವನ್ನೇ ನೋಡುತ್ತ ಕಾದ. ನಾನು ಹೇಳಲಿಲ್ಲ.